ಎದುವಿಹೆಸ್ ಅತ್ತೆ ಬರೆದ ಒಪ್ಪಿಗೆ ಪತ್ರ

ಎದುವಿಹೆಸ್ ಅತ್ತೆ ಇದುವರೆಗೆ ನಾಲ್ಕು ಸಾವಿರ ಮಕ್ಕಳನ್ನು ಷಿಕಾಗೋದಿಂದ ಮೆಕ್ಸಿಕೋಗೆ ಕರೆದೊಯ್ದಿದ್ದಾಳೆ. ಒಂದು ಮಗುವೂ ಅತ್ತಿಲ್ಲ, ಒಂದು ಕಾಲುಚೀಲವೂ ಕಳೆದಿಲ್ಲ. ಒಮ್ಮೆ ವಿಮಾನ ಮೋಡಕ್ಕೆ ಸಿಕ್ಕಿ ಕುಲುಕಾಡತೊಡಗಿದಾಗ ಆಕೆ ಎದ್ದು ನಿಂತು, "ಏಯ್, ಸುಮ್ನಿರು, ಮಕ್ಕಳು ಮಲಗಿದಾವೆ" ಎಂದು ಗದರಿದ್ದಕ್ಕೆ ವಿಮಾನ ಬಾಲ ಮುದುರಿಕೊಂಡು ತೆಪ್ಪಗಾಯಿತು. ಪೈಲಟ್ಟೇ ಹೊರಗೆ ಬಂದು ಅವಳ ಕೈಗೆ ಮುತ್ತಿಟ್ಟು ಹೋದ.

ಸರಿ, ಹಾಗೆಲ್ಲ ಕಣ್ಣು ಬಿಡಬೇಡಿ. ನಾಲ್ಕು ಸಾವಿರದ ಸೊನ್ನೆಗಳನ್ನು ಒರೆಸಿ, ಉಳಿದದ್ದನ್ನು ಅರ್ಧ ಮಾಡಿದರೆ ಎರಡು ಸಿಗುತ್ತದಲ್ಲ, ಆ ಎರಡಂತೂ ನಿಜ. ಅವಳ ತಮ್ಮ ನಿಕನೋರನ ಮಕ್ಕಳು: ಒಂಬತ್ತು ವರ್ಷದ ಯಾರೆತ್ಸಿ, ಆರು ವರ್ಷದ ಉಲೀಸೆಸ್. ನಿಕನೋರನಿಗೂ ಅವನ ಹೆಂಡತಿ ಮರಿಸೇಲಾಳಿಗೂ ಇಲ್ಲಿ ಇರಲು ಕಾಗದಗಳಿಲ್ಲ. ಗಡಿ ದಾಟಿ ಹೋದರೆ ಮರಳಿ ಬರುವ ದಾರಿ ಇಲ್ಲ. ಮಕ್ಕಳು ಮಾತ್ರ ಇಲ್ಲೇ ಹುಟ್ಟಿದವು. ಎಲ್ಲಿಗೆ ಬೇಕಾದರೂ ಹೋಗಿ ಬರಬಹುದು. ಹಾಗಾಗಿ ಕಳೆದ ನಾಲ್ಕು ವರ್ಷಗಳಿಂದ ಪ್ರತಿ ಡಿಸೆಂಬರಿನಲ್ಲಿ ಅವರನ್ನು ಮೆಕ್ಸಿಕೋದ ಸಕಾಟೇಕಸ್ ಕಡೆಯ ಹಳ್ಳಿಗೆ, ಅಜ್ಜಿಯ ಹತ್ತಿರಕ್ಕೆ ಕರೆದೊಯ್ಯುವ ಕೆಲಸ ಕಾಗದವಿದ್ದ ಎದುವಿಹೆಸಳದು.

ಕೆಲಸವೇ? ಪಟ್ಟಾಭಿಷೇಕ ಅನ್ನಿ! ಮದುವೆಯಿಲ್ಲದ, ಮಕ್ಕಳಿಲ್ಲದ ಐವತ್ತೆರಡರ ಹೆಂಗಸು ಎರಡು ಪುಟ್ಟ ಕೈಗಳನ್ನು ಹಿಡಿದು ಊರಿನ ಬಸ್ಸಿನಿಂದ ಇಳಿಯುತ್ತಿದ್ದಳು. ಅಮ್ಮ ಗೇಟಿನಿಂದ ಓಡಿ ಬರುತ್ತಿದ್ದಳು. ನೆರೆಯ ಹೆಂಗಸರು ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಹೊರಬಂದು, "ನೋಡ್ರೇ, ಎದುವಿಹೆಸ್ ಮಕ್ಕಳನ್ನ ಕರ್ಕೊಂಡ್ಬಂದ್ಲು" ಅನ್ನುತ್ತಿದ್ದರು. ವರ್ಷದ ಉಳಿದ ದಿನಗಳೆಲ್ಲ ಹೋಟೆಲಿನ ಹಾಸಿಗೆ ಮಡಚುತ್ತ ಆಕೆ ಬದುಕಿದ್ದು ಆ ಒಂದು ಮಾತಿನ ಮೇಲೆ.

ಈ ಸೆಪ್ಟೆಂಬರಿನಲ್ಲಿ ತಂಗಿ ರೊಸೆಂದಾಳಿಗೂ ಇಲ್ಲಿ ಇರುವ ಕಾಗದ ಬಂತು. ನಿಕನೋರನ ಮನೆಯಲ್ಲಿ ಔತಣ. ಎದುವಿಹೆಸ್ ತಾನೇ ಕೋಳಿಯ ‘ಮೋಲೆ’ ಸಾರು ಮಾಡಿಕೊಂಡು ಹೋಗಿದ್ದಳು, ಮೂವತ್ತೆರಡು ಬಗೆಯ ಮೆಣಸಿನಕಾಯಿ ಅರೆದು. (ಮೂರು ಬಗೆ.) ಎಲ್ಲರ ಬಾಯೂ ತುಂಬಿದ್ದಾಗ ರೊಸೆಂದಾ ಮೆಲ್ಲಗೆ ಹೇಳಿದಳು: "ಅಕ್ಕಾ, ಅಮ್ಮನ್ನ ನೋಡಿ ಹನ್ನೊಂದು ವರ್ಷ ಆಯ್ತು. ಈ ಸಲ ಮಕ್ಕಳನ್ನ ನಾನು ಕರ್ಕೊಂಡು ಹೋಗ್ಲಾ?"

ಎದುವಿಹೆಸ್ ತುತ್ತು ನುಂಗುವಷ್ಟರಲ್ಲಿ ಮರಿಸೇಲಾ, "ಅಯ್ಯೋ, ಅದಕ್ಕೇನು, ಹೋಗು! ಅತ್ತಿಗೇನೂ ಪಾಪ ಒಂದು ವರ್ಷ ಸುಧಾರಿಸ್ಕೊಳ್ಲಿ" ಅಂದುಬಿಟ್ಟಳು.

ಸುಧಾರಿಸಿಕೊಳ್ಳುವುದಂತೆ! ಎದುವಿಹೆಸಳ ಹೊಟ್ಟೆಯಲ್ಲಿ ಆ ಕ್ಷಣ ಹೊತ್ತಿಕೊಂಡ ಬೆಂಕಿಯಲ್ಲಿ ಇಡೀ ಷಿಕಾಗೋದ ಚಳಿಗಾಲವನ್ನು ಕಾಯಿಸಬಹುದಿತ್ತು. ಆದರೂ ಹಲ್ಲು ಬಿಟ್ಟು, "ಹೋಗಮ್ಮಾ, ನಂಗೂ ಮೊಣಕಾಲು ನೋವು" ಅಂದಳು. ಮೊಣಕಾಲು ಕಲ್ಲಿನ ಹಾಗೆ ಗಟ್ಟಿಯಾಗಿತ್ತು.

ಮುಂದಿನ ಎರಡು ತಿಂಗಳು ಮಕ್ಕಳ ಬಾಯಲ್ಲಿ ಬರೀ ರೊಸೆಂದಾ. ರೊಸೆಂದಾ ಅತ್ತೆ ವಿಮಾನದಲ್ಲಿ ಕಿಟಕಿ ಸೀಟು ಕೊಡಿಸ್ತಾಳಂತೆ, ರೊಸೆಂದಾ ಅತ್ತೆ ಇಬ್ಬರಿಗೂ ಕೆಂಪು ಸ್ವೆಟರ್ ಹೆಣೀತಿದಾಳಂತೆ. ಎದುವಿಹೆಸ್ ಆ ಸ್ವೆಟರನ್ನು ಎತ್ತಿ ಹಿಡಿದು ಬೆಳಕಿಗೆ ನೋಡಿದಳು. "ಚೆನ್ನಾಗಿದೆ. ತೋಳು ಒಂದು ಉದ್ದ, ಒಂದು ಗಿಡ್ಡ. ಉಲೀಸೆಸ್‌ಗೆ ಎಷ್ಟು ಕೈ ಅಂತ ಲೆಕ್ಕ ಹಾಕಿ ಹೆಣೆದೆ?"

"ಎರಡೇ ಅಕ್ಕಾ," ರೊಸೆಂದಾ ನಕ್ಕಳು. "ಒಂದು ನನ್ನ ಕೈ ಹಿಡ್ಕೊಳ್ಳೋಕೆ, ಅದಕ್ಕೇ ಉದ್ದ."

ತಮಾಷೆಗೆ ಅಂದದ್ದು. ಎದುವಿಹೆಸಳಿಗೆ ಮೂರು ದಿನ ಅನ್ನ ಸೇರಲಿಲ್ಲ.

ಆದರೆ ಒಂದು ವಿಷಯ ಇನ್ನೂ ಅವಳ ಕೈಯಲ್ಲೇ ಇತ್ತು. ತಂದೆತಾಯಿ ಜೊತೆಗಿಲ್ಲದೆ ಮಕ್ಕಳು ದೇಶ ಬಿಡಬೇಕಾದರೆ ಒಪ್ಪಿಗೆ ಪತ್ರ ಬೇಕು: ಇಂಥ ಮಕ್ಕಳು, ಇಂಥ ಪಾಸ್‌ಪೋರ್ಟ್ ಸಂಖ್ಯೆ, ಇಂಥವರ ಜೊತೆ, ಇಂಥ ದಿನದಿಂದ ಇಂಥ ದಿನದವರೆಗೆ. ನಮ್ಮ ಬೀದಿಯಲ್ಲಿ ಅದನ್ನು ಇಂಗ್ಲಿಷಿನಲ್ಲಿ ಟೈಪು ಮಾಡುವವಳು ಎದುವಿಹೆಸ್ ಒಬ್ಬಳೇ. ಅವಳು ಟೈಪು ಮಾಡಿದ್ದನ್ನು ಯಾರೂ ಓದುವುದಿಲ್ಲ. ಓದಿದರೆ ಅವಮಾನ ಮಾಡಿದ ಹಾಗೆ. ನೋಟರಿ ಕ್ರೆಸೆನ್ಸಿಯೋನ ಅಂಗಡಿಯಲ್ಲಿ, ಮುಂದೆ ತೋರ್ತಿಯಾ ರೊಟ್ಟಿ ಬೇಯಿಸುವ ಯಂತ್ರ, ಹಿಂದೆ ಮೊಹರಿನ ಮೇಜು. ನಿಕನೋರ, ಮರಿಸೇಲಾ ಸಾಲಾಗಿ ಸಹಿ ಹಾಕಿದರು. ಕ್ರೆಸೆನ್ಸಿಯೋ ಇಬ್ಬರ ಮುಖವನ್ನೂ ಗುರುತಿನ ಚೀಟಿಯನ್ನೂ ಹೋಲಿಸಿ ನೋಡಿ ಟಪ್ ಎಂದು ಮೊಹರು ಒತ್ತಿದ. ಪತ್ರ ಲಕೋಟೆಯೊಳಗೆ ಹೋಯಿತು, ಲಕೋಟೆ ರೊಸೆಂದಾಳ ಚೀಲದೊಳಗೆ. ಅದರಲ್ಲಿ ಏನು ಬರೆದಿತ್ತು ಅಂತ ಈಗಲೇ ಕೇಳಬೇಡಿ.

ಹೊರಡುವ ಬೆಳಿಗ್ಗೆ ನಿಕನೋರನ ಪಿಕಪ್ ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಂತಿತು. ಅವನೂ ಮರಿಸೇಲಾಳೂ ಒಳಗೆ ಬರುವವರಲ್ಲ. ಸಮವಸ್ತ್ರದವರಿರುವ ಕಡೆಗೆ ಅವರು ಕಾಲಿಡುವುದಿಲ್ಲ. ಗಾಡಿಯಲ್ಲೇ ಮಕ್ಕಳ ಹಣೆಗೆ ಶಿಲುಬೆ ಗುರುತು ಹಾಕಿ ಹರಸಿದರು. ಬೀಳ್ಕೊಡಲೆಂದು ಬಂದ ಎದುವಿಹೆಸ್ ಕೂಡ ಇಳಿದಳು. ಅವಳ ಹಿಂದೆ ಒಂದು ಸೂಟ್‌ಕೇಸೂ ಇಳಿಯಿತು.

"ಬೀಳ್ಕೊಡೋಕೆ ಸೂಟ್‌ಕೇಸ್ ಯಾಕಕ್ಕಾ?" ರೊಸೆಂದಾ ಕೇಳಿದಳು.

"ಖಾಲಿ. ಏನಾದ್ರೂ ಎಳ್ಕೊಂಡು ನಡೀರಿ, ಮೊಣಕಾಲಿಗೆ ಒಳ್ಳೇದು ಅಂದಿದಾರೆ ಡಾಕ್ಟ್ರು."

ಕೌಂಟರಿನಲ್ಲಿದ್ದ ಹೆಂಗಸು ಕನ್ನಡಕ ಏರಿಸಿ ಪತ್ರ ಓದಿದಳು, ಮತ್ತೊಮ್ಮೆ ಓದಿದಳು. "ಎದುವಿಹೆಸ್ ಯಾರಮ್ಮ? ಇದರಲ್ಲಿ ಮಕ್ಕಳನ್ನ ಕರ್ಕೊಂಡು ಹೋಗೋರು ಅವರು ಅಂತಿದೆ."

ರೊಸೆಂದಾಳ ಮುಖ ಬಿಳಿಚಿತು. "ಇಲ್ಲ, ನಾನು. ನಾನು ಅವರ ಅತ್ತೆ."

"ಇರಬಹುದಮ್ಮ. ಆದ್ರೆ ತಂದೆತಾಯಿ ಒಪ್ಪಿಗೆ ಕೊಟ್ಟಿರೋದು ನಿಮಗಲ್ಲ."

ಎದುವಿಹೆಸ್ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. ನಾಟಕದವರೂ ಅಷ್ಟು ಚೆನ್ನಾಗಿ ಹಿಡಿದುಕೊಳ್ಳುವುದಿಲ್ಲ. "ಅಯ್ಯೋ ದೇವರೇ! ಹೋದ ವರ್ಷದ ಪತ್ರ ಎದುರಿಗಿಟ್ಕೊಂಡು ದಿನಾಂಕ ಬದಲಾಯಿಸ್ದೆ, ಹೆಸರು ಹಾಗೇ ಉಳ್ಕೊಂಡಿದೆ! ನನ್ನ ಮರೆವಿಗೆ ಬೆಂಕಿ ಬೀಳ!" ಆಮೇಲೆ ಮೆಲ್ಲಗೆ ಚೀಲಕ್ಕೆ ಕೈ ಹಾಕಿ, "ಪುಣ್ಯಕ್ಕೆ ನಂದೂ ಇದೇ ವಿಮಾನಕ್ಕೆ ಒಂದು ಟಿಕೆಟ್ ಇದೆ. ಅಮ್ಮಂಗೆ ಅಚ್ಚರಿ ಆಗ್ಲಿ ಅಂತ... ಅದಿರ್ಲಿ. ಬನ್ರೋ ಮಕ್ಕಳಾ."

ಉಲೀಸೆಸ್ ಕೆಂಪು ಸ್ವೆಟರಿನ ಉದ್ದ ತೋಳಿನಲ್ಲಿ ರೊಸೆಂದಾಳ ಕೈ ಹಿಡಿದಿದ್ದ. ಎದುವಿಹೆಸ್ ಅದನ್ನು ಬಿಡಿಸಿ ತನ್ನ ಕೈಗೆ ತೆಗೆದುಕೊಂಡಳು. ರೊಸೆಂದಾ ಕಣ್ಣು ತುಂಬಿಕೊಂಡು, ಮಕ್ಕಳ ಪಾಸ್‌ಪೋರ್ಟುಗಳನ್ನು ಅಕ್ಕನ ಮುಂದಿಟ್ಟಳು. ಗೆದ್ದಾಯಿತು! ಎದುವಿಹೆಸಳ ಎದೆ ಎಷ್ಟು ಉಬ್ಬಿತೆಂದರೆ ಪಕ್ಕದ ಸಾಲಿನವರು ಎರಡು ಹೆಜ್ಜೆ ಹಿಂದೆ ಸರಿಯಬೇಕಾಯಿತು.

ಯಾರೆತ್ಸಿ ತುದಿಗಾಲಿನಲ್ಲಿ ನಿಂತು ಕೌಂಟರಿನ ಮೇಲಿದ್ದ ಪತ್ರ ಓದುತ್ತಿದ್ದಳು. ಶಾಲೆಯಲ್ಲಿ ಇಂಗ್ಲಿಷ್ ಓದುವುದರಲ್ಲಿ ಅವಳೇ ಮುಂದು.

"ಅತ್ತೆ, ಇದು ಹೋದ ವರ್ಷದ್ದಲ್ಲ."

"ನಿಂಗೊತ್ತಾಗಲ್ಲ ಪುಟ್ಟಾ, ಸುಮ್ನಿರು."

"ಉಲೀಸೆಸ್‌ದು ಹೊಸ ಪಾಸ್‌ಪೋರ್ಟ್ ಅಲ್ವಾ? ಹಳೇದ್ರಲ್ಲಿ ಅವನು ಬೋಳುತಲೆ ಪಾಪು ಇದ್ದ. ಈ ಬೇಸಿಗೇಲಿ ಬಂದ ಹೊಸ ಸಂಖ್ಯೆ ಇಲ್ಲಿದೆ ನೋಡಿ. ವಿಮಾನದ ಸಂಖ್ಯೆನೂ ಹೊಸದು. ಎಲ್ಲಾ ನೆನಪಿಟ್ಕೊಂಡು ಬದಲಾಯಿಸಿದೀರಾ." ಅವಳು ಹುಬ್ಬು ಗಂಟಿಕ್ಕಿದಳು. "ಬರೀ ಹೆಸರು ಮರೆತೋಯ್ತಾ?"

ಕೌಂಟರಿನ ಹೆಂಗಸು ಕನ್ನಡಕ ಇಳಿಸಿ ಎದುವಿಹೆಸಳನ್ನು ನೋಡಿದಳು. ರೊಸೆಂದಾಳೂ ನೋಡಿದಳು. ಎದುವಿಹೆಸ್ ಬಾಯಿ ತೆರೆದಳು. ಅರವತ್ತು ಸುಳ್ಳುಗಳು ಅಲ್ಲಿ ಸಾಲಾಗಿ ನಿಂತಿದ್ದವು, ಒಂದೂ ಹೊರಗೆ ಬರಲಿಲ್ಲ.

"ಇಬ್ಬರ ಹತ್ರಾನೂ ಟಿಕೆಟ್ ಇದೆಯಲ್ಲ," ಕೌಂಟರಿನವಳು ರೊಸೆಂದಾಳ ಕಡೆ ತಿರುಗಿ ನಿಟ್ಟುಸಿರು ಬಿಟ್ಟಳು. "ಪತ್ರದ ಪ್ರಕಾರ ಇವರ ಜೊತೆ ಕಳಿಸ್ತೀನಿ. ನೀವೂ ಅದೇ ವಿಮಾನ ಹತ್ತಿ. ಉಳಿದಿದ್ದು ನಿಮ್ಮ ಮನೆ ವಿಷಯ."

ರೊಸೆಂದಾ ಫೋನ್ ತೆಗೆದು ನಂಬರು ಒತ್ತಿ, ಅಕ್ಕನ ಕೈಗೆ ಕೊಟ್ಟಳು. "ಹೋಗೋಣ, ನಾಲ್ಕೂ ಜನ ಹೋಗೋಣ. ಆದ್ರೆ ಮರಿಸೇಲಾಗೆ ಮೊದ್ಲು ನೀನೇ ಹೇಳು. ಇದ್ದದ್ದು ಇದ್ದ ಹಾಗೆ."

ಆ ಕಡೆಯಿಂದ ಮರಿಸೇಲಾಳ ದನಿ: "ಅತ್ತಿಗೆ? ಏನಾಯ್ತು? ಮಕ್ಕಳು ಸರಿಯಾಗಿದಾವಾ?"

"ಸರಿಯಾಗಿದಾವೆ. ಕೇಳು, ಪತ್ರದಲ್ಲಿ ನನ್ನ ಹೆಸರಿದೆ. ಮರೆತಿದ್ದಲ್ಲ. ರೊಸೆಂದಾ ಅಂತಾನೇ ಮೊದ್ಲು ಟೈಪು ಮಾಡಿದ್ದೆ. ಅಳಿಸ್ದೆ. ಮತ್ತೆ ಮಾಡ್ದೆ. ಮತ್ತೆ ಅಳಿಸ್ದೆ. ಟಿಕೆಟ್ಟು ಅದಕ್ಕೂ ವಾರದ ಮೊದ್ಲೇ ತಗೊಂಡಿದ್ದೆ. ಮೊಣಕಾಲು ಯಾವತ್ತೂ ನೋವಿಲ್ಲ." ಅವಳು ಉಲೀಸೆಸನ ಕೈ ಬಿಟ್ಟಿದ್ದಳು, ಅವನು ಆಗಲೇ ರೊಸೆಂದಾಳ ಕಡೆಗೆ ಹೋಗಿ ನಿಂತಿದ್ದ. "ಮಕ್ಕಳು ಹುಟ್ಟೋಕೆ ಮುಂಚೆ ನಾನೊಬ್ಳೇ ಮೂರು ಸಲ ಊರಿಗೆ ಹೋಗಿದ್ದೆ, ಗೊತ್ತಾ ನಿಂಗೆ? ಒಂದು ಸಲಾನೂ ಅಮ್ಮ ಗೇಟಿಂದ ಓಡಿ ಬರ್ಲಿಲ್ಲ. ಬಸ್ಸಿಂದ ನನ್ನ ಹಿಂದೆ ಇನ್ಯಾರು ಇಳೀತಾರೆ ಅಂತ ನೋಡ್ತಾ ನಿಂತಿದ್ಲು."