ಗೇರಿಲ್ಲದ ಸೈಕಲ್ಲು

"ಅದನ್ನ ಕೆಳಗಿಳಿಸಿ, ತುಳಿದು ನೋಡ್ತೀನಿ," ಎಂದಳು ರುಕ್ಮಿಣಮ್ಮ.

ಅಂಗಡಿಯ ನರಸಿಂಹಯ್ಯ ಸೂರಿನ ಕೊಂಡಿಗೆ ತೂಗುಹಾಕಿದ್ದ ಕೆಂಪು ಸೈಕಲ್ಲನ್ನೂ ಅವಳನ್ನೂ ಒಮ್ಮೆ ನೋಡಿದ. ದಪ್ಪ ಟೈರು, ನೆಟ್ಟಗಿನ ಹ್ಯಾಂಡಲ್ಲು, ಹಿಂದಿನ ಚಕ್ರದ ನಡುವೆ ಒಂದರ ಪಕ್ಕ ಒಂದು ಹಲ್ಲಿನ ಬಿಲ್ಲೆಗಳು. ದೊಡ್ಡಬಳ್ಳಾಪುರಕ್ಕೆ ಇಂಥ ಸೈಕಲ್ಲು ಬರತೊಡಗಿ ಇನ್ನೂ ವರ್ಷವಾಗಿರಲಿಲ್ಲ. ಕೊಂಡವರೆಲ್ಲ ಕಾಲೇಜು ಹುಡುಗರು.

"ಅಮ್ಮಾ, ಇದು ಬೆಟ್ಟ ಹತ್ತೋ ಸೈಕಲ್ಲು. ನಿಮ್ಗೆ ಲೇಡೀಸ್ ಸೈಕಲ್ ಐತಲ್ಲ, ಮುಂದೆ ಬುಟ್ಟಿ ಬೇರೆ."

"ನಮ್ಮೂರ ದಾರೀಲಿ ಒಂದ್ಸಲ ಬನ್ನಿ ಅಣ್ಣ. ಬೆಟ್ಟನೇ ವಾಸಿ ಅಂತೀರ."

ಅವಳ ಊರು ದೊಡ್ಡಬೆಳವಂಗಲದ ಕಡೆ, ಕಲ್ಲುಕ್ವಾರಿಯ ಆಚೆ. ಮನೆಯಲ್ಲಿ ಎರಡು ಪವರ್‌ಲೂಮ್. ಕರೆಂಟು ಬಂದಾಗಲೇ ನೇಯಬೇಕಾದ್ದರಿಂದ ಗಂಡ ಕೋದಂಡರಾಮಯ್ಯ ಮನೆ ಬಿಟ್ಟು ಕದಲುವಂತಿರಲಿಲ್ಲ. ಬಣ್ಣ ಹಾಕಿಸಿದ ನೂಲು ತರುವುದು, ನೇಯ್ದ ಸೀರೆ ಒಯ್ಯುವುದು ಎಲ್ಲ ಅವಳದೇ. ಹಳೆಯ ಸೈಕಲ್ಲಿನ ಚಕ್ರ ಕ್ವಾರಿ ದಾರಿಯ ಜಲ್ಲಿಗೆ ಸೊಟ್ಟಗಾಗಿ, ಎರಡು ಸೋಮವಾರ ಸೀರೆ ತಡವಾಗಿ ತಲುಪಿದ್ದವು. ವ್ಯಾಪಾರಿ ರವಿಶಂಕರ್ ಜಗಳವಾಡಲಿಲ್ಲ. "ಮದುವೆ ಸೀಸನ್ನು ಕಣಮ್ಮ. ಈ ಸೋಮವಾರ ಬೆಳಿಗ್ಗೆ ಬರ್ಲಿಲ್ಲ ಅಂದ್ರೆ ನೂಲು ಬೇರೆಯೋರ ಮಗ್ಗಕ್ಕೆ ಹೋಗ್ತದೆ," ಎಂದಷ್ಟೇ ಹೇಳಿದ್ದ. ಅವರಿಗೆ ನೂಲು ಕೊಡುವವನು ಅವನೊಬ್ಬನೇ. ಈ ದಿನ ಶನಿವಾರ. ಕಡೆಯ ಸೀರೆ ಇನ್ನೂ ಮಗ್ಗದ ಮೇಲಿತ್ತು, ಮತ್ತೊಂದು ಮಗ್ಗ ಅಡ್ಡನೂಲು ಮುಗಿದು ನಿಂತಿತ್ತು. ಬೆಳಗಿನಿಂದ ಕರೆಂಟಿಲ್ಲದ್ದರಿಂದ ಗಂಡನೂ ಜೊತೆಗೆ ಬಂದಿದ್ದ.

ನರಸಿಂಹಯ್ಯ ಕೆಂಪು ಸೈಕಲ್ಲನ್ನು ಕೆಳಗಿಳಿಸುತ್ತಲೇ ಕೋದಂಡರಾಮಯ್ಯ ಅದರ ಹಿಂದೆ ಕುಕ್ಕರುಗಾಲಲ್ಲಿ ಕೂತ. "ಲೇ ರುಕ್ಮಿಣಿ, ಇಲ್ನೋಡೇ. ಈ ಕಡ್ಡಿ ತಳ್ಳಿದ್ರೆ ಚೈನು ತಾನೇ ಪಕ್ಕದ ಹಲ್ಲಿಗೆ ಹತ್ತುತ್ತೆ. ಥೇಟ್ ನಮ್ಮ ಡಾಬಿ ಇದ್ದಂಗೆ!"

ಅಂಚಿನ ಹೂವಿಗೆ ತಕ್ಕಂತೆ ಎಳೆಗಳನ್ನು ಎತ್ತುವ ಡಾಬಿಯನ್ನು ಬಿಚ್ಚಿ ಜೋಡಿಸುವುದೆಂದರೆ ಅವನಿಗೆ ಊಟವೂ ಬೇಡ.

"ಡಾಬಿ ಕೆಟ್ಟಾಗ ಎಷ್ಟು ಹೊತ್ತು ಅದರ ಕೆಳ್ಗೆ ಮಲಗಿರ್ತೀರ, ಅದನ್ನೂ ಹೇಳಿ," ಎಂದಳು ಅವಳು. ನರಸಿಂಹಯ್ಯ ನಕ್ಕ.

ತಂದಿದ್ದ ದುಡ್ಡಿಗೆ ಗೇರಿನ ಸೈಕಲ್ಲೊಂದು ಮಾತ್ರ ಬರುತ್ತಿತ್ತು. ಕ್ಯಾರಿಯರ್, ಸ್ಟ್ಯಾಂಡ್, ಚೈನ್ ಕವರ್ ಯಾವುದೂ ಇಲ್ಲ. ಅದರ ಪಕ್ಕದಲ್ಲೇ ಅಷ್ಟೇ ದಪ್ಪ ಟೈರಿನ, ಗೇರಿಲ್ಲದ ನೀಲಿ ಸೈಕಲ್ಲೊಂದಿತ್ತು. ಒಂದು ಅಳತೆ ಚಿಕ್ಕದು, ಬೆಲೆಯೂ ಕಡಿಮೆ. ಶಾಲೆ ಹುಡುಗರಿಗೆಂದು ಮಾಡಿದ್ದು.

"ಅದು ಮಕ್ಕಳದು ಬಿಡು. ತಗೊಂಡ್ರೆ ಗೇರಿಂದೇ ತಗೋಬೇಕು. ನಮ್ಮೂರ ದಿಬ್ಬದಲ್ಲಿ ಹೂವೆತ್ತಿದಂಗೆ ಹತ್ಬಿಡ್ತದೆ," ಎಂದ ಕೋದಂಡರಾಮಯ್ಯ.

"ಬರೀ ಸೈಕಲ್ನ ಯಾರಾದ್ರೂ ತುಳೀತಾರೆ. ಹೊರೆ ಕಟ್ಟಿ, ನೋಡೋಣ."

ಬಣ್ಣದಂಗಡಿಯಿಂದ ತಂದಿದ್ದ ನೂಲಿನ ಲಡಿಗಳನ್ನು ಹಳೆ ಸೀರೆಯಲ್ಲಿ ಸುತ್ತಿ ಅವನೇ ಸೀಟಿನ ಹಿಂದೆ ಹಗ್ಗದಿಂದ ಬಿಗಿದ. ರುಕ್ಮಿಣಮ್ಮ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿದಳು. ಟೀ ಅಂಗಡಿಯ ಮುಂದಿದ್ದವರು ಲೋಟ ಹಿಡಿದು ಈಚೆ ಬಂದರು. "ಯಾವ ಬೆಟ್ಟಕ್ಕಮ್ಮಾ ಸವಾರಿ?" ಎಂದು ಒಬ್ಬ ಕೂಗಿದ. "ನಿಮ್ಮತ್ತೆ ಮನೆಗೆ," ಎನ್ನುತ್ತ ಅವಳು ಮಗ್ಗದವರ ಬೀದಿಗೆ ತಿರುಗಿಕೊಂಡಳು. ಸೈಕಲ್ಲು ನಿಜಕ್ಕೂ ಹಗುರವಾಗಿ ಓಡಿತು. ಕಡ್ಡಿ ತಳ್ಳಿದಳು, ಬೀದಿಯ ಏರು ಏರೇ ಅಲ್ಲವೆನ್ನುವಂತಾಯಿತು. ಗಂಡ ಹೇಳಿದ್ದೇ ಸರಿಯಿರಬಹುದು ಎಂದುಕೊಳ್ಳುವಷ್ಟರಲ್ಲಿ ಪೆಡಲ್ಲು ಗಕ್ಕನೆ ನಿಂತಿತು.

ಹಿಂದಿನ ಚಕ್ರವನ್ನು ಎತ್ತಿ ಹಿಡಿದು ನಡೆಸಿಕೊಂಡು ಬಂದವಳನ್ನು ಕಂಡು ನರಸಿಂಹಯ್ಯನ ಮುಖ ಸಣ್ಣಗಾಯಿತು. "ಏನಮ್ಮಾ ಇದು, ಹೊಸಾ ಗಾಡಿ!"

"ಗಾಡಿಗೇನಾಗಿಲ್ಲ ಅಣ್ಣ, ಆಗಿರೋದು ನಮ್ಮ ನೂಲಿಗೆ." ಅವಳು ನೆಲದ ಮೇಲೆ ಕೂತು ಕೂದಲಿನ ಪಿನ್ನು ತೆಗೆದು ಬಿಲ್ಲೆಗಳ ನಡುವೆ ತೂರಿಸಿದಳು. ಲಡಿಯ ತುದಿಯೊಂದು ಜೋತು ಬಿದ್ದು ಸುತ್ತಿಕೊಂಡಿತ್ತು. ಗಿಣಿಹಸಿರು ನೂಲು ಗ್ರೀಸು ಮೆತ್ತಿಕೊಂಡು ಕಪ್ಪಾಗಿ ಈಚೆ ಬಂತು.

"ಹೊರೆ ಸರಿಯಾಗಿ ಕಟ್ಟಿದ್ರೆ ಹಿಂಗಾಗ್ತಿರ್ಲಿಲ್ಲ," ಎಂದ ಕೋದಂಡರಾಮಯ್ಯ.

"ಕಟ್ಟಿದೋರು ನೀವೇ."

ಅವನು ಬಗ್ಗಿ ಹೊರೆಯ ಹಗ್ಗ ಬಿಚ್ಚತೊಡಗಿದ. ಅವಳ ದನಿ ಮೆತ್ತಗಾಯಿತು. "ನಮ್ಮನೇಲಿ ಅನ್ನದಲ್ಲೂ ನೂಲು ಸಿಗ್ತದೆ ಕಣ್ರೀ. ಹಾಸಿಗೇಲಿ, ತಲೇಲಿ, ಎಲ್ಲಾ ಕಡೆ. ಇದರ ಹಲ್ಲಿಗೆ ಮಾತ್ರ ಸಿಗದೆ ಇರ್ತದಾ? ದಿಬ್ಬದಲ್ಲಿ ಉಸಿರು ಕಟ್ಟಿದ್ರೆ ಇಳಿದು ತಳ್ತೀನಿ. ಚೈನು ಕಟ್ಕೊಂಡ್ರೆ ಸೋಮವಾರ ಏನ್ ಮಾಡ್ಲಿ?"

ಎದ್ದು ಕೈಯನ್ನು ಸೆರಗಿಗೆ ಒರೆಸಿಕೊಳ್ಳದೆ, ಗೋಡೆಗೆ ಒರೆಸಿ, ನೀಲಿ ಸೈಕಲ್ಲನ್ನು ಈಚೆಗೆ ಎಳೆದಳು. ಅದರ ಅಡ್ಡಪಟ್ಟಿ ತಗ್ಗಿನಲ್ಲಿತ್ತು, ಸೀರೆಯಲ್ಲೂ ಕಾಲು ದಾಟಿಸಬಹುದಿತ್ತು. "ಸೀಟು ಮೇಲಕ್ಕೆತ್ತಿ ಅಣ್ಣ. ಇನ್ನೂ. ಹಾಂ, ಸಾಕು. ಕ್ಯಾರಿಯರ್ರು, ಸ್ಟ್ಯಾಂಡು, ಚೈನ್ ಕವರು ಹಾಕಿ."

"ನಾನು ಕೂತ್ರೆ ಮಂಡಿ ಗದ್ದಕ್ಕೆ ತಾಗ್ತದಲ್ಲೇ!"

"ನೀವ್ಯಾಕೆ ಕೂತ್ಕೋತೀರ? ತುಳಿಯೋಳು ನಾನು."

ಮಧ್ಯಾಹ್ನ ಅವನು ಬಸ್ಸಿನಲ್ಲಿ ಬಂದು ಊರಿನ ಕ್ರಾಸಿನಲ್ಲಿ ಇಳಿದಾಗ ಅವಳು ಹೊಂಗೆ ಮರದ ಕೆಳಗೆ ಸೈಕಲ್ಲು ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಇಬ್ಬರೂ ನಡೆಯುತ್ತ ದಿಬ್ಬದ ಬುಡಕ್ಕೆ ಬಂದರು. ಅಲ್ಲಿ ವೆಂಕಟರಾಮಪ್ಪನ ಹೊಲದ ಬೋರಿನ ಪೈಪು ಒಮ್ಮೆ ಕೆಮ್ಮಿತು, ಮತ್ತೊಮ್ಮೆ ಕೆಮ್ಮಿತು, ಆಮೇಲೆ ದಪ್ಪನೆಯ ನೀರು ತೊಟ್ಟಿಗೆ ಬಿತ್ತು.

"ಕರೆಂಟ್ ಬಂತು!" ಎಂದ ಕೋದಂಡರಾಮಯ್ಯ ಪಂಚೆ ಎತ್ತಿ ಕಟ್ಟಿ ಓಡಲು ನೋಡಿದ.

"ಓಡಿ ದಿಬ್ಬದ ಮೇಲೆ ಏದುಸಿರು ಬಿಡ್ತಾ ಕೂರ್ತೀರ ಅಷ್ಟೇ. ನಿಧಾನಕ್ ಬನ್ನಿ, ನಾನ್ಹೋಗಿ ಮಗ್ಗ ಹಚ್ತೀನಿ."

ಹೊರೆಯನ್ನು ಒಮ್ಮೆ ಅಲುಗಿಸಿ ನೋಡಿ ಹತ್ತಿದಳು. ಜಲ್ಲಿಯ ಮೇಲೆ ಟೈರು ಜಾರಿತು, ಕಾಲು ಊರಿದಳು. ಮತ್ತೆ ಹತ್ತಿದಳು. ಸೀಟಿನಿಂದ ಎದ್ದು, ಇಡೀ ಮೈಯ ಭಾರವನ್ನು ಪೆಡಲ್ಲಿನ ಮೇಲೆ ಬಿಟ್ಟು, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತ ಏರಿದಳು. ಕೋದಂಡರಾಮಯ್ಯನಿಗೆ ಅವಳ ಬೆನ್ನು ಸ್ವಲ್ಪ ಹೊತ್ತು ಕಂಡಿತು.

ಅವನು ತುದಿ ಮುಟ್ಟಿದಾಗ ಅವಳಿರಲಿಲ್ಲ. ದಪ್ಪ ಟೈರಿನ ಗುರುತು ಧೂಳಿನಲ್ಲಿ ಊರ ಕಡೆ ಇಳಿದಿತ್ತು. ಕೆಳಗೆ ಹೆಂಚಿನ ಮನೆಗಳ ನಡುವಿನಿಂದ ಒಂದು ಮಗ್ಗ ಬಡಿಯುವ ಸದ್ದು ಬರುತ್ತಿತ್ತು. ಅವನು ಚಪ್ಪಲಿ ಕಳಚಿ ಅದರೊಳಗೆ ಸೇರಿದ್ದ ಕಲ್ಲನ್ನು ಕೊಡವಿ ಮತ್ತೆ ಮೆಟ್ಟಿದ. ಒಂದಷ್ಟು ದೂರ ಇಳಿಯುವಷ್ಟರಲ್ಲಿ ಎರಡನೆಯ ಮಗ್ಗದ ಸದ್ದೂ ಅದರ ಜೊತೆ ಸೇರಿಕೊಂಡಿತು.