ಎದುರು ಕೂತವರ ಬಲಗಣ್ಣು

ಅಮ್ಮ ಮೆಟ್ಟಿಲಿನಿಂದ ಬಿದ್ದು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅಪ್ಪ ಮಾಡಿಕೊಟ್ಟ ಹೊಸ ಕನ್ನಡಕ ಹಾಕಿಕೊಂಡ ಮೂರನೆಯ ದಿನವೇ ಬಿದ್ದದ್ದು. ಅಂದಿನಿಂದ ಅಪ್ಪ ಲೆನ್ಸ್ ಅರೆಯುವ ಯಂತ್ರದ ಮುಂದೆ ಕೂರಲಿಲ್ಲ. ನಮ್ಮ ಕನ್ನಡಕದಂಗಡಿಗೆ ಬಂದ ಕೆಲಸವನ್ನೆಲ್ಲ ಹೊರಗೆ ಕೊಟ್ಟು ಮಾಡಿಸುತ್ತಿದ್ದರು.

ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ಪ್ರತಿ ಭಾನುವಾರ ಊಟಕ್ಕೆ ಬರುತ್ತಿದ್ದರು. ಊಟವೆನ್ನುವುದು ನೆಪ.

"ಊರಿಗೆಲ್ಲ ಕಣ್ಣು ಕೊಡೋರು ನೀವು. ಕಟ್ಕೊಂಡೋಳ ಕಣ್ಣಿಗೆ ಮಣ್ಣು ಹಾಕಿದ್ರಿ."

"ಹೌದಕ್ಕ," ಎನ್ನುತ್ತಿದ್ದರು ಅಪ್ಪ, ತಟ್ಟೆ ನೋಡುತ್ತ.

ಡಿಗ್ರಿ ಮುಗಿಸಿದ ನಾನು ಕೆಲಸ ಸಿಗುವ ತನಕ ಅಂತ ಅಂಗಡಿಯಲ್ಲಿ ಕೂರುತ್ತಿದ್ದೆ. ಅಪ್ಪ ಕಣ್ಣು ಪರೀಕ್ಷಿಸಿ ನಂಬರ್ ಹೇಳುತ್ತಿದ್ದರು, ನಾನು ಚೀಟಿಯಲ್ಲಿ ಬರೆಯುತ್ತಿದ್ದೆ. ಎದುರು ಕೂತವರ ಬಲಗಣ್ಣು ನಮ್ಮ ಎಡಕ್ಕಿರುತ್ತದೆ ಎನ್ನುವುದು ಈ ಕೆಲಸದ ಮೊದಲ ಪಾಠ. ಅಮ್ಮನ ಹೊಸ ಕನ್ನಡಕಕ್ಕೆ ಪರೀಕ್ಷೆ ಮಾಡಿದ ದಿನ ಅಪ್ಪ ಅವಳ ಒಂದು ಕಣ್ಣು ಮುಚ್ಚಿ, "ಈ ಕಣ್ಣಿಗೆ ಬರ್ಕೋ," ಎಂದರು. ಅಮ್ಮ ನನ್ನನ್ನು ನೋಡಿ ಮೂತಿ ಸೊಟ್ಟ ಮಾಡಿದಳು. ನಗುತ್ತ ನಗುತ್ತ ಅದಲುಬದಲು ಬರೆದೆ.

ಅಮ್ಮ ಹೋದ ಮರುವಾರ ಅವಳ ಹಳೆಯ ಚೀಟಿಯನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಗೊತ್ತಾಯಿತು. ದಿನಚರಿಯಲ್ಲಿ ಕೂಡ ಬರೆಯಲಾಗಲಿಲ್ಲ. ತಾರೀಖು ಹಾಕಿ ಪುಟ ಖಾಲಿ ಬಿಟ್ಟೆ. ಭಾನುವಾರಗಳು ಬಂದವು, ಅಪ್ಪ ಬೈಸಿಕೊಂಡರು, ನಾನು ಬಡಿಸಿದೆ.

ಕೊನೆಗೊಂದು ಭಾನುವಾರ ದೊಡ್ಡಮ್ಮ ನನ್ನ ಕಡೆ ತಿರುಗಿದರು. "ನೀನಾದ್ರೂ ಬಾಯಿ ಬಿಡೇ ಮೌನಗೌರಿ. ನಿಮ್ಮಪ್ಪನ ಕೈ ನಡುಗಿತ್ತಾ, ಬುದ್ಧಿಗೆ ಮಂಕು ಕವಿದಿತ್ತಾ?"

"ನಂಬರ್ ಬರ್ದಿದ್ದು ನಾನು ದೊಡ್ಡಮ್ಮ. ಬಲಗಣ್ಣಿಂದು ಎಡಕ್ಕೆ, ಎಡಗಣ್ಣಿಂದು ಬಲಕ್ಕೆ. ಅಪ್ಪ ಚೀಟೀಲಿದ್ದ ಹಾಗೇ ಮಾಡಿದ್ರು."

ದೊಡ್ಡಮ್ಮನ ಕೈಯ ತುತ್ತು ಬಾಯಿಗೂ ಹೋಗಲಿಲ್ಲ, ತಟ್ಟೆಗೂ ಇಳಿಯಲಿಲ್ಲ. ಅಪ್ಪನ ಮುಖದಲ್ಲಿ ಮಾತ್ರ ಆಶ್ಚರ್ಯವಿರಲಿಲ್ಲ.

"ಗೊತ್ತು," ಎಂದರು. "ಅವಳು ಬಿದ್ದಾಗ ಒಡೆದ ಲೆನ್ಸಿನ ಚೂರನ್ನ ಆವತ್ತೇ ಅಳತೆ ಮಾಡಿದ್ದೆ."

"ಗೊತ್ತಿದ್ದೂ ನನ್ನ ಕೈಲಿ ಬೈಸ್ಕೊಂಡ್ರಾ?"

"ಬರ್ದಿದ್ದು ಇವಳು, ಅಕ್ಕ. ಆದ್ರೆ ಬೀಳೋ ಹಿಂದಿನ ದಿನ ಅವಳು ಬಂದು, 'ಮೆಟ್ಟಿಲು ಉಬ್ಬಿದ ಹಾಗೆ ಕಾಣ್ತವೆ ರೀ' ಅಂದ್ಲು. ನಾನು ಎಲ್ರಿಗೂ ಹೇಳೋದನ್ನೇ ಹೇಳ್ದೆ. ಹೊಸ ಕನ್ನಡಕ ಹೊಸ ಸೊಸೆ ಇದ್ದ ಹಾಗೆ, ಹೊಂದ್ಕೊಳ್ಳೋಕೆ ನಾಲ್ಕು ದಿನ ಬೇಕು ಅಂತ. ನಕ್ಕೊಂಡು ಹೋದ್ಲು. ಒಂದ್ಸಲ ಈಸ್ಕೊಂಡು ನೋಡಿದ್ರೆ ಸಾಕಿತ್ತು."

ದೊಡ್ಡಮ್ಮ ಕೈ ತೊಳೆದು, ಹೋಗಿಬರ್ತೀನಿ ಎಂದೂ ಅನ್ನದೆ ಹೊರಟುಹೋದರು.

"ಯಾಕೆ ಹೇಳೋಕೋದೆ?" ಅಪ್ಪನ ದನಿಯಲ್ಲಿ ಸಿಟ್ಟಿತ್ತು.

"ನೀವು ಬೈಸ್ಕೊಳ್ಳೋದು ನೋಡೋಕಾಗ್ಲಿಲ್ಲ ಅಪ್ಪ."

"ನಂಗದು ಬೇಕಿತ್ತು ಕಣೆ. ಬಂದೋರೆಲ್ಲ ಸಮಾಧಾನ ಹೇಳಿ ಹೋದ್ರು. ಬೈಯೋಕೆ ಅಂತ ಇದ್ದೋರು ಅವರೊಬ್ರೇ."

ಹೇಳಿದರೆ ಭಾರ ಇಳಿಯುತ್ತದೆ ಅಂದುಕೊಂಡಿದ್ದೆ. ಆ ವಾರವಿಡೀ ನಾವಿಬ್ಬರೂ ಒಬ್ಬರ ದಾರಿಗೆ ಒಬ್ಬರು ಅಡ್ಡ ಬರದಂತೆ ಮನೆಯಲ್ಲಿ ಓಡಾಡಿದೆವು.

ಮುಂದಿನ ಭಾನುವಾರ ಒಂದೂವರೆಯಾದರೂ ದೊಡ್ಡಮ್ಮ ಬರಲಿಲ್ಲ. ಅಪ್ಪ ಎರಡು ಸಲ ಬಾಗಿಲಿಗೆ ಹೋಗಿ ಬಂದರು. "ನೀನೇ ಹೋಗಿ ಕರ್ಕೊಂಡು ಬಾ. ಬೈದ್ರೆ ಬೈಸ್ಕೋ, ಎದುರುತ್ತರ ಕೊಡ್ಬೇಡ."

ಎರಡು ಬೀದಿ ದಾಟಿ ಹೋಗಿ, ಬೈಸಿಕೊಳ್ಳಲು ಸಿದ್ಧಳಾಗಿ ನಿಂತೆ. ಬಾಗಿಲು ತೆರೆದ ದೊಡ್ಡಮ್ಮ ನನ್ನ ಭುಜದಾಚೆ ಎಲ್ಲೋ ನೋಡಿದರು.

"ನಿಮ್ಮಪ್ಪ ಊಟ ಮಾಡಿದ್ರಾ?"

"ಇಲ್ಲ. ನಿಮಗೇ ಕಾಯ್ತಿದ್ದಾರೆ."

"ಅಯ್ಯೋ, ಇಷ್ಟು ಹೊತ್ತಾದ್ರೂ ಹಸ್ಕೊಂಡು ಕೂತಿದ್ದಾರಾ?" ಚಪ್ಪಲಿ ಮೆಟ್ಟಿ, ಬೀಗ ಹಾಕಿ, ಬೀಗವನ್ನು ಒಮ್ಮೆ ಎಳೆದು ನೋಡಿದರು. ದಾರಿಯುದ್ದಕ್ಕೂ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದರು. ನಾನು ಜೋರಾಗಿ ನಡೆದರೆ ಅವರೂ ಜೋರಾಗಿ ನಡೆದರು.