ಹಂಪಮ್ಮನ ಹೆಬ್ಬೆರಳು

ಮಾನ್ವಿಯ ಹಂಪಮ್ಮನ ಮಹಿಳಾ ಸಂಘದ ಖಡಕ್ ರೊಟ್ಟಿ, ಶೇಂಗಾ ಚಟ್ನಿಗೆ ದೇವದುರ್ಗ, ರಾಯಚೂರಿನವರೆಗೂ ಹೆಸರಿತ್ತು. ಸೊಸೆ ಸ್ವಪ್ನಾ ವೆಬ್‌ಸೈಟ್ ಮಾಡಿಸಿದ ಮೇಲಂತೂ ಆರ್ಡರ್‌ಗಳು ಮನೆಬಾಗಿಲಿಗೇ ಬರತೊಡಗಿದವು. ಅಂಥದ್ದರಲ್ಲಿ ಒಂದು ಬೆಳಿಗ್ಗೆ ರಾಯಚೂರಿನ ಹಳೇ ಗಿರಾಕಿ ಹಸೀನಾ ಬೇಗಂ ಫೋನು ಮಾಡಿದರು.

"ಹಂಪಮ್ಮಾ, ಮನ್ಯಾಗ ಮಗಳ ಮದಿವಿ ಅದ. ನಿಮ್ಮ ಸೈಟಿನ ನಂಬರಿಗೆ ಫೋನ್ ಹಚ್ಚಿದ್ರ ಯಾವನೋ ಗಂಡಸು ಮೊದ್ಲು ರೊಕ್ಕ ಹಾಕು ಅಂತಾನ. ಯಾರವ್ವಾ ಅಂವ?"

ಹಂಪಮ್ಮ ಸೊಸೆಯನ್ನು ಕೂಗಿ ಕರೆದಳು. ಸ್ವಪ್ನಾ ಸೈಟ್ ತೆಗೆದು ನೋಡಿದರೆ, ಯಾರೋ ಒಳಗೆ ಹೊಕ್ಕು ಸಂಘದ ನಂಬರ್ ಅಳಿಸಿ ತಮ್ಮದನ್ನು ಹಾಕಿದ್ದರು. ಹೊಗುವುದೇನು ಕಷ್ಟವಿರಲಿಲ್ಲ. ಸಂಘದ ಎಲ್ಲರಿಗೂ ಒಂದೇ ಪಾಸ್‌ವರ್ಡ್; ಅದೂ ಊರಿನ ಹೆಸರು, ಹಿಂದೆ ಒಂದು ಎರಡು ಮೂರು.

ಸ್ವಪ್ನಾ ಮೊದಲು ನಂಬರ್ ಸರಿಮಾಡಿದಳು, ಹಳೇ ಪಾಸ್‌ವರ್ಡ್ ತೆಗೆದುಹಾಕಿದಳು. ಹಂಪಮ್ಮ ಹಸೀನಾ ಬೇಗಂ ಅವರಿಗೆ ಅವನಿಗೆ ರೊಕ್ಕ ಹಾಕಬೇಡಿ ಎಂದು ಹೇಳಿ, ಮದುವೆಯ ರೊಟ್ಟಿಯ ಆರ್ಡರ್ ತಾನೇ ಬರೆದುಕೊಂಡಳು.

"ಅತ್ತೀ, ಇನ್ನ ಪಾಸ್‌ಕೀ ಇಡೋಣ್ರಿ. ಅವರವರ ಫೋನಿನ್ಯಾಗ ಅವರವರ ಕೀಲಿಕೈ. ಹೆಬ್ಬೆರಳು ಇಟ್ರ ಸೈಟ್ ತೆರಿತದ."

ಹಂಪಮ್ಮನ ಮುಖ ಬಿಗಿಯಿತು. "ಮತ್ತ ಹೆಬ್ಬೆಟ್ಟು ಒತ್ತು ಅಂತೀಯೇನು? ವಯಸ್ಸಾದ ಮ್ಯಾಲ ಅಕ್ಷರ ಕಲ್ತು, ಬ್ಯಾಂಕಿನ್ಯಾಗ 'ಪೆನ್ ಕೊಡ್ರಿ' ಅಂದಾಕಿ ನಾನು. ಒತ್ತಂಗಿಲ್ಲ ನೋಡು."

ಸ್ವಪ್ನಾ ಪಕ್ಕದಲ್ಲಿ ಬಂದು ಕುಳಿತಳು. "ಅದು ಓದಾಕ ಬರಲಾರದವರ ಗುರ್ತಿತ್ರಿ. ಇದು ಅಂಗಡಿ ಒಡತಿ ಕೀಲಿಕೈ."

"ನನ್ನ ಬೆರಳಿನ ಗುರ್ತು ಯಾರಾರ ಕದ್ರ?"

"ಅದು ನಿಮ್ಮ ಫೋನ್ ಬಿಟ್ಟು ಹೊರಗ ಹೋಗಂಗಿಲ್ರಿ. ನಮ್ಮಂಥದ್ದೇ ನಕಲಿ ಸೈಟ್ ಮಾಡಿದ್ರೂ ಅಲ್ಲಿ ಈ ಕೀಲಿ ನಡಿಯಂಗಿಲ್ಲ."

"ಫೋನೇ ಕಳದ್ರ?"

"ಕಳದ ಫೋನಿನ ಕೀಲಿ ರದ್ದು ಮಾಡ್ತೀವಿ. ಇನ್ನೊಂದು ಫೋನಿನ್ಯಾಗೂ ಒಂದು ಇಟ್ಟಿರೋಣು. ಗಿರಾಕಿಗಳಿಗೂ ಇದನ್ನೇ ಕೊಡೋಣು. ಆಗಲಾರದವರು ಉದ್ದನ ಪಾಸ್‌ವರ್ಡ್ ಹಾಕಿ, ಮ್ಯಾಲ ಓಟಿಪಿನೂ ಕೊಟ್ಟೇ ಒಳಗ ಬರಲಿ."

ಹಂಪಮ್ಮ ಫೋನನ್ನು ಹತ್ತಿರ ಎಳೆದುಕೊಂಡಳು. ಆಮೇಲೆ ಕೈಗೆ ಹತ್ತಿದ ಜೋಳದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಬೆರಳಿಟ್ಟಳು. ಸೈಟ್ ತೆರೆಯಿತು. ಮೇಲೆ ಅವಳದೇ ಹೆಸರು. ಅದನ್ನು ತಾನೇ ಕೂಡಿಸಿ ಓದಿದಳು.

ಮುಂದೆ ಒಂದು ದಿನ ಸಂಘದ ಸಭೆ ನಡೆದಾಗಲೇ ಹಂಪಮ್ಮನಿಗೆ ಗುರುತಿಲ್ಲದವನೊಬ್ಬನ ಫೋನು ಬಂತು. "ನಿಮ್ಮ ವೆಬ್‌ಸೈಟ್ ಇವತ್ತೇ ಬಂದ್ ಆಗುತ್ತೆ ಮೇಡಂ, ಬೇಗ ಪಾಸ್‌ವರ್ಡ್ ಹೇಳಿ."

"ಪಾಸ್‌ವರ್ಡ್ ಇದ್ರಲ್ಲೇನಪಾ ಹೇಳಾಕ! ಕೀಲಿ ನನ್ನ ಕೈಯಾಗ ಅದ. ರೊಟ್ಟಿ ಬೇಕಂದ್ರ ಹೇಳು, ಬಡಿಯಾಕತ್ತೀವಿ," ಎಂದಳು ಹಂಪಮ್ಮ. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಸಂಘದ ಬಂಡೆಮ್ಮ ಎದ್ದುನಿಂತು, "ನನ್ನ ಫೋನಿಗೂ ಆ ಕೀಲಿ ಹಾಕಿಕೊಡವ್ವಾ ಸ್ವಪ್ನಾ," ಎಂದಳು.

ಹಸೀನಾ ಬೇಗಂ ಮಗಳ ಮದುವೆಗೆ ರೊಟ್ಟಿಯ ಬುಟ್ಟಿಗಳೊಂದಿಗೆ ಹಂಪಮ್ಮನೇ ಬಸ್ಸು ಹತ್ತಿದಳು. ಬೀಗರ ಮುಂದೆ ಹಸೀನಾ, "ಇವರ ಸೈಟಿನ್ಯಾಗ ಧೈರ್ಯಲೆ ಆರ್ಡರ್ ಹಾಕ್ರಿ," ಎಂದಾಗ ಹಂಪಮ್ಮ ತಲೆಯೆತ್ತಿ ನಿಂತಿದ್ದಳು.

ಅಂಗಡಿ, ಸಂಘ ನಡೆಸುವ ಅಕ್ಕ ಅಣ್ಣಂದಿರೇ, ಸೈಟ್ ಮಾಡಿಕೊಟ್ಟವರನ್ನು ಇವತ್ತೇ ಕೇಳಿ: ಪಾಸ್‌ಕೀ ಇದೆಯೇ? ಒಬ್ಬೊಬ್ಬರಿಗೂ ಬೇರೆ ಲಾಗಿನ್ ಇದೆಯೇ? ಓಟಿಪಿಯನ್ನು ಯಾರು ಕೇಳಿದರೂ ಹೇಳಬೇಡಿ. ಗಿರಾಕಿ ನಿಮ್ಮನ್ನು ನಂಬಿ ಹೆಸರು, ವಿಳಾಸ ಕೊಟ್ಟಿದ್ದಾರೆ. ಆ ನಂಬಿಕೆಗೆ ಕಾವಲು ನೀವೇ.